ಮೂರನೆಯ ರಿಂಗಿನ ಲಲಿತಕ್ಕ

ಲಲಿತಕ್ಕ ಮೂರನೆಯ ರಿಂಗಿಗೆ ಮೊದಲು ಫೋನ್ ಎತ್ತಿದವರಲ್ಲ. ಕೈ ರಿಸೀವರಿನ ಮೇಲೆಯೇ ಇರುತ್ತಿತ್ತು. ಒಂದನೆಯ ರಿಂಗಿಗೆ ಕಣ್ಣು ಮುಚ್ಚುತ್ತಿದ್ದರು, ಎರಡನೆಯದಕ್ಕೆ ಹುಬ್ಬು ಮೇಲೇರುತ್ತಿತ್ತು, ಮೂರನೆಯದು ಶುರುವಾದದ್ದೇ ರಿಸೀವರ್ ಕಿವಿಗೆ. ಕೊಪ್ಪದಲ್ಲಿ ನಾವು ಕೆಲವು ಪಶುವೈದ್ಯರು ಸೇರಿ ನಡೆಸುವ ಖಾಸಗಿ ಚಿಕಿತ್ಸಾಲಯಕ್ಕೆ ನಾನು ಸೇರಿದ ಹೊಸತರಲ್ಲಿ, ಮೂಗಿನ ಕೆಳಗೆ ಫೋನ್ ಬಡಿದುಕೊಳ್ಳುತ್ತಿದ್ದರೂ ಮಹಾರಾಣಿಯ ಹಾಗೆ ಕೂತಿರುವ ಈ ಹೆಂಗಸನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ನನ್ನದು ಮೊದಲೇ ಸಿಡುಕು ಸ್ವಭಾವ. "ಎತ್ತಿ ಮಾರಾಯ್ರೆ!" ಎಂದು ಒಳಗಿನಿಂದ ಕೂಗಿದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

"ಎತ್ತುವ ಡಾಕ್ಟ್ರೇ. ಅವ್ರು ಮಾತಾಡ್ಲಿಕ್ಕೆ ಮಾಡಿದ್ದಾ ಅಲ್ವಾ ಅಂತ ಮೊದ್ಲು ಗೊತ್ತಾಗ್ಲಿ."

ಮಾತಾಡಲಿಕ್ಕಲ್ಲದೆ ಫೋನ್ ಮತ್ತೆ ಯಾತಕ್ಕೆ ಮಾಡುತ್ತಾರೆ? ಇವರಿಗೆ ತಲೆ ಸ್ವಲ್ಪ ಸಡಿಲ ಎಂದುಕೊಂಡು ಸುಮ್ಮನಾಗಿದ್ದೆ. ಬೆಳಗಿನ ಹೊತ್ತು ಆಚೆ ಮನೆ, ಈಚೆ ಮನೆ ಎಂದು ನಾನು ಜೀಪಿನಲ್ಲಿ ತಿರುಗುತ್ತಿರುವವನು. ಕಚೇರಿಯಲ್ಲಿ ಏನು ನಡೆಯುತ್ತದೆಂದು ಕೂತು ನೋಡಿದ್ದು ಕಡಿಮೆ.

ಅವರ ಊರು ಕಿಗ್ಗ. ಹರೆಯದಲ್ಲಿ ಶೃಂಗೇರಿ ಬಸ್ ನಿಲ್ದಾಣದ ಹತ್ತಿರದ ಒಂದು ಎಸ್‌ಟಿಡಿ ಬೂತಿನಲ್ಲಿ ಕೂತಿದ್ದರಂತೆ. ಬೂತು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ತಂಗಿಯ ಮಗಳೊಂದಿಗೆ ಕೊಪ್ಪದಲ್ಲಿ ಸಣ್ಣ ಬಾಡಿಗೆ ಮನೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವ ಅಧಿಕಪ್ರಸಂಗಿಗಳಿಗೆ ಅವರ ಉತ್ತರ ಸಿದ್ಧವಿತ್ತು: "ನೋಡ್ಲಿಕ್ಕೆ ಬಂದಿದ್ರು. ಅಷ್ಟೊತ್ತಿಗೆ ಫೋನ್ ಬಂತು." ಎತ್ತರದ ಆಳು, ಗಟ್ಟಿ ದನಿ, ಹತ್ತಿ ಸೀರೆ. ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿರುತ್ತಿದ್ದರು, ಅದನ್ನು ಮೂಗಿಗೆ ಏರಿಸಿದ್ದನ್ನು ಮಾತ್ರ ನಾನು ಹೆಚ್ಚಾಗಿ ಕಂಡಿಲ್ಲ.

ಫೋನ್ ಎತ್ತಿದರೆ ಅವರ ಮೊದಲ ಪ್ರಶ್ನೆ 'ಯಾರು' ಎಂದಲ್ಲ, "ಯಾವ ದನ?" ಎಂದು. ಆ ಕಡೆಯವರು 'ಗೌರಿ' ಎಂದೋ 'ಕಪಿಲೆ' ಎಂದೋ ಹೇಳಿದರೆ ಸಾಕು, ಯಾವ ಊರಿನ ಯಾರ ಮನೆಯ ಕೊಟ್ಟಿಗೆ ಎಂದು ಇವರಿಗೆ ತಿಳಿಯುತ್ತಿತ್ತು. ಯಜಮಾನರ ಹೆಸರು ಮಾತ್ರ ನೆನಪಿರುತ್ತಿರಲಿಲ್ಲ. ಒಮ್ಮೆ ಶೃಂಗೇರಿಯ ಅಂಗಡಿಬೀದಿಯಲ್ಲಿ ಎದುರಾದ ದೊಡ್ಡ ಮನುಷ್ಯರೊಬ್ಬರಿಗೆ, ನಾಲ್ಕು ಜನರ ಮುಂದೆ, "ನೀವು ಕೆಚ್ಚಲು ಬಾವಿನ ತುಂಗೆ ಅಲ್ವಾ?" ಎಂದು ಕೇಳಿಬಿಟ್ಟಿದ್ದರು. ಆ ಮನುಷ್ಯ ಒಂದಿಷ್ಟೂ ಬೇಸರಿಸದೆ, "ಹೌದು ಲಲಿತಕ್ಕ, ಈಗ ಬಾವು ಇಳಿದಿದೆ" ಎಂದರು.

ಇಂಥ ಲಲಿತಕ್ಕನಿಗೆ ಸೊಂಟದ ಕೀಲು ಸವೆದಿತ್ತು. ಮೇಜಿನಿಂದ ಒಳಕೋಣೆಗೆ ಬರಬೇಕಾದರೆ ಗೋಡೆ, ಕಪಾಟು, ಬಾಗಿಲ ಚೌಕಟ್ಟು ಹಿಡಿದುಕೊಂಡೇ ಬರಬೇಕು. ಕೀಲು ಬದಲಿಸದಿದ್ದರೆ ಇನ್ನು ಕೆಲವು ಕಾಲದಲ್ಲಿ ಆ ಕಾಲು ನೆಲಕ್ಕೂರಲಿಕ್ಕಾಗದು ಎಂದು ಮಂಗಳೂರಿನ ವೈದ್ಯರು ಹೇಳಿಯಾಗಿತ್ತು. ಇವರು ಮಾತ್ರ ಮಳೆಗಾಲ ಮುಗಿಯಲಿ, ಕರು ಹಾಕುವ ಕಾಲ ಕಳೆಯಲಿ ಎಂದು ಮುಂದೂಡುತ್ತಲೇ ಇದ್ದರು. ನಿಜವಾದ ಕಾರಣ ನನಗೆ ಒಂದು ದಿನ ಅವರ ಬಾಯಿಂದಲೇ ಗೊತ್ತಾಯಿತು.

"ತಿಂಗಳುಗಟ್ಲೆ ರಜೆ ಹಾಕಿದ್ರೆ ಈ ಕುರ್ಚಿಲಿ ಬೇರೆಯವ್ರು ಕೂತಿರ್ತಾರೆ ಡಾಕ್ಟ್ರೇ. ಕಾಲು ಬಂದು ಕೆಲ್ಸ ಹೋದ್ರೆ ಆ ಕಾಲು ತಗೊಂಡು ನಾ ಎಲ್ಲಿಗೆ ನಡ್ಕೊಂಡು ಹೋಗೂದು?"

ಆ ಹೊತ್ತಿನಲ್ಲೇ ಸಾಫ್ಟ್‌ವೇರ್ ಬಂತು. ಅದನ್ನು ತರಿಸಿದವರು ಸಂಸ್ಥೆಯ ಹಿರಿಯ ಪಾಲುದಾರರು, ನಾವೆಲ್ಲ ದೊಡ್ಡ ಡಾಕ್ಟರು ಎಂದು ಕರೆಯುವವರು. ಅವರನ್ನು ದೂರುವ ಹಾಗಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ಕಡೆ ನಮ್ಮ ಕಚೇರಿ, ಮೂರು ಕಡೆಯೂ ಮೇಜಿನ ಮೇಲೊಂದು ಫೋನು, ಒಂದಕ್ಕೆ ಬಂದ ಸುದ್ದಿ ಇನ್ನೊಂದಕ್ಕೆ ತಿಳಿಯದು. ಜನ ಗಾಬರಿಯಲ್ಲಿ ಎರಡೂ ಕಡೆ ಫೋನ್ ಮಾಡಿ, ನಾನೂ ನರಸಿಂಹರಾಜಪುರದ ಡಾಕ್ಟರ್ ಶೋಭಾ ಅವರೂ ಒಂದೇ ಕೊಟ್ಟಿಗೆಯ ಬಾಗಿಲಲ್ಲಿ ಮುಖಾಮುಖಿಯಾಗಿ ಪೆಚ್ಚುಪೆಚ್ಚಾಗಿ ನಿಂತದ್ದಿದೆ. ಹೊಸ ವ್ಯವಸ್ಥೆಯಲ್ಲಿ ಮೂರೂ ಮೇಜಿನ ಫೋನುಗಳು ಒಂದೇ ಸಾಫ್ಟ್‌ವೇರಿಗೆ ಜೋಡಣೆಯಾಗುತ್ತವೆ. ಕರೆ ಬಂದ ಕೂಡಲೇ ಯಾರ ಮನೆ, ಹಿಂದೆ ಏನು ಚಿಕಿತ್ಸೆ ಎಂಬುದು ಕಂಪ್ಯೂಟರಿನ ಪರದೆಯ ಮೇಲೆ ಬರುತ್ತದೆ. ಒಂದು ಗುಂಡಿ ಒತ್ತಿದರೆ ಕರೆ ಬೇರೆ ಊರಿನ ಮೇಜಿಗೆ ಹೋಗುತ್ತದೆ, ಕೆಲಸ ತಾನಾಗಿಯೇ ಡಾಕ್ಟರ ಮೊಬೈಲಿಗೆ ಬಂದು ಬೀಳುತ್ತದೆ. ಜೋಡಿಸಲಿಕ್ಕೆ ಶಿವಮೊಗ್ಗದಿಂದ ಕಿರಣ ಎಂಬ ಇಂಜಿನಿಯರ್ ಬಂದ.

ತಂತಿ ಎಳೆದು ಮುಗಿದ ದಿನ ದೊಡ್ಡ ಡಾಕ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು: "ಒಂದು ತಿಂಗಳು ನೋಡುವ. ಸರಿಹೋದ್ರೆ ಫೋನ್ ಎತ್ತಲಿಕ್ಕೆ ಅಂತಲೇ ಒಬ್ರು ಬೇಡ, ಅದೇ ಎತ್ತಿ ಉತ್ತರ ಹೇಳ್ತದೆ." ಲಲಿತಕ್ಕ ಅಲ್ಲೇ ಕೂತಿದ್ದರು. ಕನ್ನಡಕ ಮೂಗಿಗೇರಿಸಿ ಪರದೆಯನ್ನು ದಿಟ್ಟಿಸಿ ನೋಡಿದರು.

ಪರದೆಯ ಒಂದು ಮೂಲೆಯಲ್ಲಿ, ಕರೆ ಎತ್ತಲು ಎಷ್ಟು ಹೊತ್ತು ಹಿಡಿಯಿತು ಎಂದು ಪ್ರತಿ ಸಲವೂ ಬರುತ್ತಿತ್ತು. ಅದು ತನ್ನನ್ನು ಅಳೆಯಲಿಕ್ಕೇ ಇಟ್ಟದ್ದೆಂದು ಲಲಿತಕ್ಕ ನಂಬಿದರು. ಮರುದಿನದಿಂದ ಮೂರನೆಯ ರಿಂಗಿನ ವ್ರತ ಮುರಿಯಿತು. ಫೋನ್ ಪೂರ್ತಿ ಬಾಯಿ ಬಿಡುವ ಮೊದಲೇ ರಿಸೀವರ್ ಕಿತ್ತುಕೊಂಡು, "ಯಾವ ದನ?" ಎಂದು ಗುಡುಗುತ್ತಿದ್ದರು. ನಾನು ಅಂದು ಬೆಳಿಗ್ಗೆ ಜೀಪು ಕೆಟ್ಟು ಕಚೇರಿಯಲ್ಲೇ ಇದ್ದೆ. ಕಂಪ್ಯೂಟರಿನ ಸ್ಪೀಕರಿನಲ್ಲಿ ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು.

"ಅಯ್ಯಯ್ಯೋ, ಎತ್ತಿಯೇ ಬಿಟ್ರಾ ಲಲಿತಕ್ಕ?"

"ಎತ್ತದೆ ಮತ್ತೆಂತ ಮಾಡೂದು?"

"ಎದ್ದಿದೆ ಅಂತ ರಿಂಗ್ ಕೊಟ್ಟದ್ದು ಮಾರಾಯ್ರೆ! ನೀವು ಎತ್ತಿದ್ದು ನೋಡಿ ನಂಗೆ ಹೆದ್ರಿಕೆ ಆಯ್ತು. ಈಗ ಇನ್ನೊಂದ್ಸಲ ಕೊಟ್ಟಿಗೆಗೆ ಹೋಗಿ ನೋಡ್ಕೊಂಡು ಬರ್ಬೇಕು."

ಇಂಥದೇ ಕರೆ ಬೆಳಗಿನಿಂದ ಒಂದರ ಹಿಂದೆ ಒಂದು. ಎತ್ತಿಸಿಕೊಂಡವರಿಗೆಲ್ಲ ಗಾಬರಿ, ಕೆಲವರಿಗೆ ಕೋಪ. ಕಡಹಿನಬೈಲಿನ ಅಜ್ಜಿಯೊಬ್ಬರಂತೂ, ಎತ್ತಿದ ಮೇಲೆ ಮಾತಾಡದಿದ್ದರೆ ಮರ್ಯಾದೆಯಲ್ಲ ಎಂದು ತಮ್ಮ ಮನೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದರು. ನಾನು ಲಲಿತಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತು, ಏನಿದು ವಿಷಯ ಎಂದು ಕೇಳಿದೆ.

ಸಂಗತಿ ಇಷ್ಟು. ಕರು ಹಾಕಿದ ದನ ಹಾಲುಜ್ವರ ಬಂದು ಮಲಗಿಬಿಟ್ಟರೆ ನಾವು ಹೋಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟು ಬರುತ್ತೇವೆ. ಆಮೇಲೆ ಆ ಮನೆಯವರಿಗೂ ನಮಗೂ ಇರುವುದು ಒಂದೇ ಪ್ರಶ್ನೆ, ಅದು ಎದ್ದು ನಿಂತಿತೇ? ಎದ್ದಿದ್ದರೆ ಮರುದಿನ ಬೆಳಿಗ್ಗೆ ಅವರು ಕಚೇರಿಗೆ ಒಂದು ರಿಂಗ್ ಕೊಟ್ಟು ಕಡಿಯುತ್ತಾರೆ. ಡಾಕ್ಟರು ಮತ್ತೆ ಬರುವುದು ಬೇಡ ಎಂದು ಅರ್ಥ. ಕಡಿದ ಮೇಲೆ ಫೋನಿನಲ್ಲಿ ಉಳಿದ ನಂಬರು ನೋಡಿದರೆ ಯಾವ ಮನೆಯೆಂದು ಲಲಿತಕ್ಕನಿಗೆ ತಿಳಿಯುತ್ತದೆ. ಎರಡು ರಿಂಗ್ ಕೊಟ್ಟು ಕಡಿದರೆ, ಪುರುಸೊತ್ತಾದಾಗ ನೀವೇ ಮಾಡಿ. ಬಿಡದೆ ಬಡಿದರೆ ಮಾತ್ರ ಈಗಲೇ ಮಾತಾಡಬೇಕು. ಕರೆಗೆ ದುಡ್ಡು ಸುರಿಯಬೇಕಿದ್ದ ಎಸ್‌ಟಿಡಿ ಬೂತಿನ ಕಾಲದಲ್ಲಿ ಹುಟ್ಟಿದ ಪದ್ಧತಿ ಅದು. ಈಗ ಕರೆ ಅಗ್ಗವಾದರೂ ಪದ್ಧತಿ ಹೋಗಲಿಲ್ಲ. ಮನೆಯ ಹಿಂದಿನ ದಿಣ್ಣೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಊರುಗಳಲ್ಲಿ ಒಂದು ರಿಂಗ್ ದಾಟಿಸುವುದೇ ದೊಡ್ಡದು.

"ಇದನ್ನ ಯಾಕೆ ನೀವು ಯಾರಿಗೂ ಹೇಳ್ಲಿಲ್ಲ?" ಎಂದೆ.

"ಅದೆಂತ ಹೇಳುವಂಥ ವಿಷ್ಯವಾ? ನಿಮ್ಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದರು. ಮರುಕ್ಷಣ ಅವರ ಮುಖ ಸಣ್ಣದಾಯಿತು. "ನಾ ಬೇಗ ಎತ್ತಿ ಅಷ್ಟೂ ಜನ್ರನ್ನ ಹೆದ್ರಿಸಿದೆ ಅಲ್ವಾ. ಕುರ್ಚಿ ಹೋಗ್ತದೆ ಅಂತ ತಲೆ ಕೆಟ್ಟಿತ್ತು ನಂಗೆ."

ನಾಳೆಯಿಂದ ಹಳೆಯ ಹಾಗೇ ಮೂರನೆಯ ರಿಂಗಿಗೆ ಎತ್ತಿ ಎಂದೆ. ದೊಡ್ಡ ಪಂಡಿತನ ಹಾಗೆ ಅಪ್ಪಣೆ ಕೊಟ್ಟೆನೇ ಹೊರತು ಸಾಫ್ಟ್‌ವೇರ್ ಇದಕ್ಕೆ ಏನು ಮಾಡೀತೆಂದು ನಾನು ಯೋಚಿಸಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮೊಬೈಲಿಗೆ ಕೆಂಪು ಅಕ್ಷರದಲ್ಲಿ ಕೆಲಸ ಬಂತು: ಕಿಗ್ಗ, ಕರೆ ತಪ್ಪಿದೆ, ತುರ್ತು. ಹಿಂದಿನ ದಿನ ಸಂಜೆ ಕ್ಯಾಲ್ಸಿಯಂ ಕೊಟ್ಟು ಬಂದ ಮನೆಯೇ ಅದು. ಮತ್ತೆ ಮಲಗಿಬಿಟ್ಟಿತೇನೋ ಎಂದು ಕಾಫಿಯನ್ನೂ ಕುಡಿಯದೆ ಜೀಪು ಓಡಿಸಿದೆ. ಹೋಗಿ ನೋಡಿದರೆ ದನ ನಿಂತುಕೊಂಡು ಆರಾಮವಾಗಿ ಹುಲ್ಲು ಮೇಯುತ್ತಿದೆ. ಯಜಮಾನರು ಮಾತ್ರ ಅಂಗಳದಲ್ಲಿ ಕಂಗಾಲಾಗಿ ನಿಂತಿದ್ದಾರೆ.

"ಎಂತಾಯ್ತು ಡಾಕ್ಟ್ರೇ? ನಾ ಒಂದೇ ರಿಂಗ್ ಕೊಟ್ಟದ್ದಲ್ವಾ! ಅದಕ್ಕೆ ನಿಮ್ಮ ಆಫೀಸಿಂದ ಕ್ಷಮಿಸಿ ಅಂತ ಮೆಸೇಜ್ ಬಂತು, ವೈದ್ಯರು ಹೊರಟಿದ್ದಾರೆ ಅಂತ ಇನ್ನೊಂದು ಬಂತು. ನಿನ್ನೆ ನೀವು ತಗೊಂಡು ಹೋದ ಹಾಲಿನ ಪರೀಕ್ಷೆಲಿ ಏನಾದ್ರೂ ಕೆಟ್ಟದ್ದು ಸಿಕ್ಕಿತಾ?"

ಸಾಫ್ಟ್‌ವೇರಿಗೆ ಎತ್ತದ ಕರೆ ಎಲ್ಲವೂ ತಪ್ಪಿದ ಕರೆ, ತಪ್ಪಿದ ಕರೆ ಎಲ್ಲವೂ ತುರ್ತು. ಹಾಗಾಗಿ ಅಂದು ಬೆಳಿಗ್ಗೆ ನಮ್ಮ ಡಾಕ್ಟರುಗಳು ದಿಕ್ಕುದಿಕ್ಕಿಗೆ ಓಡಿ ಆರೋಗ್ಯವಾಗಿರುವ ದನಗಳನ್ನು ನೋಡಿ ಬಂದೆವು. ನಾನು ಕಿಗ್ಗದಲ್ಲಿ ನಿಂತು ಆ ಯಜಮಾನರಿಗೆ ಸಮಾಧಾನ ಹೇಳುತ್ತಿರುವಾಗಲೇ, ಪೂರ್ತಿ ವಿರುದ್ಧ ದಿಕ್ಕಿನ ಶೆಟ್ಟಿಕೊಪ್ಪದಿಂದ ಕೊಪ್ಪದ ಕಚೇರಿಗೆ ಬಿಡದೆ ಬಡಿಯುವ ಕರೆ ಬಂತು. ಕರು ಅಡ್ಡ ಬಂದಿದೆ, ದನ ನರಳುತ್ತಿದೆ. ನನಗೆ ಹೇಳಿದ್ದರೆ ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎರಡೂ ಉಳಿಯುತ್ತಿರಲಿಲ್ಲ. ಲಲಿತಕ್ಕ ಪರದೆ ನೋಡಿದರು. ನಾನು ಕಿಗ್ಗದಲ್ಲಿದ್ದೇನೆ, ಶೋಭಾ ನರಸಿಂಹರಾಜಪುರದಲ್ಲೇ ಇದ್ದಾರೆ ಎಂದು ಅದರಲ್ಲಿ ಕಂಡಿತು. ಕಿರಣ ತೋರಿಸಿಕೊಟ್ಟಿದ್ದ ಗುಂಡಿಯನ್ನು ಮೊದಲ ಬಾರಿಗೆ ಒತ್ತಿ ಕರೆಯನ್ನು ನೇರವಾಗಿ ಶೋಭಾ ಅವರ ಮೇಜಿಗೆ ದಾಟಿಸಿದರು. ಶೋಭಾ ಆ ಮನೆಯವರೊಂದಿಗೆ ಮಾತಾಡುತ್ತಲೇ ಚೀಲ ಎತ್ತಿಕೊಂಡು ಹೊರಟರು. ಕರು ಬದುಕಿತು, ತಾಯಿಯೂ ಬದುಕಿತು.

ಸಂಜೆ ಎಲ್ಲರೂ ಕೊಪ್ಪದಲ್ಲಿ ಸೇರಿದೆವು. ಕಿರಣನನ್ನೂ ಕರೆಸಿದ್ದರು. ದೊಡ್ಡ ಡಾಕ್ಟರಿಗೆ ಬೆಳಗಿನ ಡೀಸೆಲ್ಲು ಹೊಟ್ಟೆಯಲ್ಲಿ ಉರಿಯುತ್ತಿತ್ತು.

"ಫೋನ್ ಅಂದ್ಮೇಲೆ ಎತ್ತಬೇಕು. ಮೂರು ರಿಂಗ್ ಕಾಯೂದು ಎಂಥ ಅಭ್ಯಾಸ? ಇನ್ನು ಮೊದಲ ರಿಂಗಿಗೇ ಯಂತ್ರವೇ ಎತ್ತಲಿ."

ಲಲಿತಕ್ಕ ಮೇಜು ಹಿಡಿದುಕೊಂಡು ಎದ್ದು ನಿಂತರು. ನಿಲ್ಲುವುದು ಅವರಿಗೆಷ್ಟು ಕಷ್ಟವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಎತ್ತಲಿ ಡಾಕ್ಟ್ರೇ, ನಾ ಬೇಡ ಹೇಳೂದಿಲ್ಲ. ಇವತ್ತು ಶೆಟ್ಟಿಕೊಪ್ಪದ ಕರು ಉಳಿಸಿದ್ದು ಆ ಗುಂಡಿಯೇ. ನನ್ನ ಕುರ್ಚಿ ಬೇಕಾದ್ರೂ ಹೋಗ್ಲಿ. ಆದ್ರೆ ಬೆಳಿಗ್ಗೆ ದನ ಎದ್ದದ್ದು ನೋಡಿ ಅವ್ರು ಮೊದ್ಲು ಮಾಡೂದು ಈ ಒಂದು ರಿಂಗು. ಅದಕ್ಕೆ ಯಂತ್ರ ಎತ್ತಿ, ಒಂದು ಒತ್ತಿ ಎರಡು ಒತ್ತಿ ಅಂತ ಶುರು ಮಾಡಿದ್ರೆ ಅವ್ರು ರಿಂಗ್ ಕೊಡೂದೇ ಬಿಡ್ತಾರೆ. ಆಮೇಲೆ ಎದ್ದಿತಾ ಇಲ್ವಾ ಅಂತ ನಮ್ಗೆ ಹೇಳುವವ್ರು ಯಾರು?"

ದೊಡ್ಡ ಡಾಕ್ಟರು ಕಿರಣನ ಮುಖ ನೋಡಿದರು. ಕಿರಣ ಅಷ್ಟರಲ್ಲಾಗಲೇ ಲ್ಯಾಪ್‌ಟಾಪ್ ತೆರೆದಿದ್ದ.

"ಆಗುತ್ತೆ ಸರ್. ಚಿಕಿತ್ಸೆ ನಡೀತಿರೋ ಮನೆ ನಂಬರಿಂದ ಒಂದೇ ರಿಂಗ್ ಬಂದು ಕಟ್ಟಾದ್ರೆ ಅದನ್ನ ತಪ್ಪಿದ ಕರೆ ಅಂತ ತಗೋಬೇಡ ಅಂತ ಹೇಳ್ಬಹುದು. ಎರಡಾದ್ರೆ ವಾಪಸ್ ಮಾಡೋ ಪಟ್ಟಿಗೆ ಹಾಕ್ಬಹುದು. ಮೂರನೇದಕ್ಕೆ ಮೇಡಂ ಎತ್ಲಿ. ಇಂಥದ್ದನ್ನ ಇದುವರೆಗೆ ಯಾರೂ ಕೇಳಿರ್ಲಿಲ್ಲ ಅಷ್ಟೆ."

ಹಾಗೆ ಅವರಿಬ್ಬರೂ ಅಕ್ಕಪಕ್ಕ ಕೂತು ಆ ಯಂತ್ರಕ್ಕೆ ನಮ್ಮ ಊರಿನ ರೀತಿ ಕಲಿಸತೊಡಗಿದರು. ನೋಡಲಿಕ್ಕೆ ಚೆಂದವಿತ್ತು. ಒಂದು ರಿಂಗ್ ಬಂದರೆ ಕೆಂಪು ಸಾಲು ಹಸಿರಾಗಿ 'ಕೇಸ್ ಕ್ಲೋಸ್' ಎಂದು ಬರುವಂತೆ ಕಿರಣ ಮಾಡಿದ. ಲಲಿತಕ್ಕ ಒಪ್ಪಲಿಲ್ಲ.

"ಕ್ಲೋಸ್ ಅಂದ್ರೆ ಸತ್ತ ಹಾಗೆ ಕೇಳ್ತದೆ ಮಾಣಿ. ಎದ್ದಿದೆ ಅಂತ ಬರಿ."

"ಎದ್ದಿದೆ ಅಂತಾನಾ? ಬರೀ ಅಷ್ಟೇನಾ?"

"ಮತ್ತೆಂತ ಬೇಕು? ದನ ಎದ್ದ ಮೇಲೆ ಇನ್ನೆಂತ ಬರಿಲಿಕ್ಕಿದೆ?"

ಇನ್ನೂ ಒಂದು ಹಟ ಹಿಡಿದರು. ಪರದೆಯಲ್ಲಿ ಮೊದಲು ದನದ ಹೆಸರು ಬರಬೇಕು, ಯಜಮಾನರ ಹೆಸರು ಆಮೇಲೆ. ಕಿರಣ ನಗುತ್ತ ಅದನ್ನೂ ಮಾಡಿಕೊಟ್ಟ. ಆಮೇಲೆ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದರೆ ಪರದೆಯಲ್ಲಿ ಗೌರಿ ಎದ್ದಿದೆ, ಕಪಿಲೆ ಎದ್ದಿದೆ ಎಂದು ಹಸಿರು ಸಾಲುಗಳು ಬಂದಿರುತ್ತಿದ್ದವು. ನನ್ನಂಥ ಸಿಡುಕನಿಗೂ ಅದನ್ನು ಓದಿ ದಿನ ಶುರುಮಾಡುವುದು ಖುಷಿಯ ಕೆಲಸವಾಯಿತು. ಒಂದು ರಿಂಗೂ ಬಾರದ ಸಾಲು ಕೆಂಪಾಗಿಯೇ ಉಳಿದಿದ್ದರೆ ಲಲಿತಕ್ಕ ತಾವೇ ಆ ಮನೆಗೆ ಫೋನ್ ಮಾಡುತ್ತಿದ್ದರು.

ತಿಂಗಳು ಕಳೆದ ಮೇಲೆ ದೊಡ್ಡ ಡಾಕ್ಟರು ಬಂದರು. ಲಲಿತಕ್ಕನ ಮೇಜಿನ ಎದುರು ನಿಂತು ಹಸಿರು ಸಾಲುಗಳನ್ನು ಸಾವಕಾಶವಾಗಿ ಓದಿದರು.

"ಈಗ ನಿಮ್ಮ ಫೋನನ್ನು ಶೋಭಾ ಅವರ ಮೇಜಿನಲ್ಲೂ ಎತ್ತಬಹುದಲ್ಲ?"

"ಎತ್ತಬಹುದು" ಎಂದರು ಲಲಿತಕ್ಕ. ದನಿ ಇಳಿದಿತ್ತು. ಇಷ್ಟು ದಿನ ಹೆದರಿದ ಮಾತು ಬಂದೇ ಬಂತು ಎಂದು ನನಗೂ ಅನಿಸಿತು.

"ಹಾಗಾದ್ರೆ ಆಪರೇಷನ್ ಮಾಡಿಸ್ಕೊಂಡು ಬನ್ನಿ."

"ಹೋದ್ರೆ... ಕುರ್ಚಿ?"

"ಕುರ್ಚಿ ಎಲ್ಲಿಗೆ ಹೋಗ್ತದೆ ಮಾರಾಯ್ರೆ? ಕಾಲು ಸರಿ ಇಲ್ಲದ್ದು ನಿಮ್ಮದು, ಕುರ್ಚಿಯದ್ದಲ್ಲ."

ಲಲಿತಕ್ಕ ನಕ್ಕರು, ಕೂಡಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಆದರೂ ಅವರು ಪೂರ್ತಿ ನಂಬಲಿಲ್ಲವೆಂದು ನನಗೆ ಗೊತ್ತು. ಹೊರಡುವ ದಿನ ತಂಗಿಯ ಮಗಳು ಕಾರಿನ ಬಾಗಿಲು ತೆರೆದು ಕಾಯುತ್ತಿದ್ದರೂ, ಮೇಜಿನ ಮುಂದೆ ಕೂತು ಕೀಲಿಮಣೆಯ ಮೇಲೆ ಒಂದೊಂದೇ ಅಕ್ಷರ ಕುಟ್ಟುತ್ತಿದ್ದರು. ಏನದು ಎಂದರೆ, "ಒಂದು ಹೊಸ ಕೇಸು ಡಾಕ್ಟ್ರೇ, ಬರೆದಿಟ್ಟು ಹೋಗ್ತೇನೆ" ಎಂದರು. ಕುರ್ಚಿಯ ಬೆನ್ನನ್ನು ಒಮ್ಮೆ ಸವರಿ, ನನ್ನ ತೋಳು ಹಿಡಿದುಕೊಂಡು ಕಾರಿನವರೆಗೆ ನಡೆದರು. ಕಾರು ಹೋದ ಮೇಲೆ ನಾನು ಪರದೆ ನೋಡಿದೆ. ಕೆಂಪು ಸಾಲು: ದನ, ಲಲಿತೆ. ಊರು, ಕಿಗ್ಗ. ತೊಂದರೆ, ಹಿಂಗಾಲು. ಫೋನ್ ನಂಬರಿನ ಜಾಗದಲ್ಲಿ ಅವರದೇ ಮೊಬೈಲ್ ನಂಬರು.

ಅದನ್ನು ಓದಿ ಕಚೇರಿಯೆಲ್ಲ ನಕ್ಕಿತು. ನಗು ಬಹಳ ದಿನ ಉಳಿಯಲಿಲ್ಲ. ಆಪರೇಷನ್ ಆಯಿತೆಂದು ಸುದ್ದಿ ಬಂತು, ಬೆನ್ನಿಗೇ ಜ್ವರ ಬಂದಿದೆ, ವೈದ್ಯರು ಇನ್ನೂ ಎಬ್ಬಿಸಿ ನಿಲ್ಲಿಸಿಲ್ಲ ಎಂದೂ ಬಂತು. ನಾವೇ ಫೋನ್ ಮಾಡಿದರೆ ತಂಗಿಯ ಮಗಳು ಎತ್ತಿ, "ಇವತ್ತೂ ಇಲ್ಲ" ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ಉಳಿದ ಸಾಲುಗಳು ಹಸಿರಾಗುತ್ತಿದ್ದವು, ಮೇಲಿನ ಆ ಒಂದು ಸಾಲು ಕೆಂಪಾಗಿಯೇ ಇರುತ್ತಿತ್ತು. ಅದನ್ನು ಅಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಕುರ್ಚಿ ಖಾಲಿ ಇದೆಯಲ್ಲ ಎಂದು ಯಾರೋ ಅದರ ಮೇಲೆ ಔಷಧಿಯ ಡಬ್ಬಗಳನ್ನು ಇಟ್ಟರು. ಬೈಯಲು ಬಾಯಿ ತೆರೆದವನು, ಯಾರಿಗೆಂದು ಬೈಯಲಿ ಎಂದು ಸುಮ್ಮನಾದೆ. ಲಲಿತಕ್ಕನಿಲ್ಲದ ಆ ಮೇಜನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಅದೇ ಮೇಜಿನ ಹತ್ತಿರ ನಿಂತು ಏನೋ ಬಿಲ್ಲು ನೋಡುತ್ತಿದ್ದರು. ಫೋನ್ ಬಡಿಯಿತು. ಅಭ್ಯಾಸಬಲದಿಂದ ಅವರ ಕೈ ರಿಸೀವರಿಗೆ ಹೋಯಿತು. ಪರದೆಯಲ್ಲಿ ಮೂಡಿದ ಹೆಸರು ನನ್ನ ಕಣ್ಣಿಗೆ ಬಿತ್ತು.

"ಎತ್ತಬೇಡಿ ಸರ್!" ಎಂದು ಕಿರುಚಿಯೇಬಿಟ್ಟೆ.

ಅವರೂ ಪರದೆ ನೋಡಿದರು. ರಿಸೀವರಿನ ಮೇಲೆ ಕೈ ಇಟ್ಟುಕೊಂಡೇ, ಲಲಿತಕ್ಕನ ಹಾಗೆಯೇ, ಕಣ್ಣು ಮುಚ್ಚಿದರು. ಎರಡನೆಯ ರಿಂಗಿಗಾಗಿ ಇಬ್ಬರೂ ಕಾದೆವು. ಅದು ಬರಲಿಲ್ಲ. ಮೇಲಿನ ಕೆಂಪು ಸಾಲು ನಮ್ಮ ಕಣ್ಣೆದುರೇ ಹಸಿರಾಯಿತು.

ಲಲಿತೆ. ಎದ್ದಿದೆ.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಕುರ್ಚಿ ಮೇಲಿನ ಆ ಡಬ್ಬಗಳನ್ನು ಮೊದ್ಲು ತೆಗೀರಿ" ಎಂದರು. ನಾನು ಒಂದು ತೆಗೆಯುವಷ್ಟರಲ್ಲಿ ಉಳಿದವನ್ನು ಅವರೇ ಎತ್ತಿ ಕೆಳಗಿಟ್ಟರು.